ಬಾವುಟವಿಲ್ಲದ ಚಿನ್ನ

ನಲ್ಮೆಯ ಓದುಗರೇ,

ಹೊರದೇಶದಲ್ಲಿರುವ ನಮ್ಮ ಬಳಗದ ಯುಗಾದಿ ಊಟದ ದಿನ ನಮ್ಮ ಹಿರಿಯರೊಬ್ಬರು ಹತ್ತು ವರ್ಷದ ಹುಡುಗನೊಬ್ಬನನ್ನು ಕೇಳಿದರು: "ಮ್ಯಾಚ್ ನಡೆದ್ರೆ ನೀನು ಯಾರ ಕಡೆ ಮರಿ? ಇಲ್ಲಿಯವರ ಕಡೆನೋ, ಇಂಡಿಯಾ ಕಡೆನೋ?" ಹುಡುಗ ಒಬ್ಬಟ್ಟು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತಿದ್ದ. ಅಮ್ಮನ ಮುಖ ನೋಡಿದ. ಮಾತಾಡಲಿಲ್ಲ. ಕೇಳಿದವರು ಪ್ರೀತಿಯಿಂದಲೇ ಕೇಳಿದ್ದು. ಆದರೂ ಅವನ ಆ ಮುಖ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅವನು ಜೂಡೋ ಕಲಿಯುತ್ತಿದ್ದಾನೆ. ಅದಕ್ಕೇ ಈ ಸಲ ಇಟಲಿಯ ಜೂಡೋ ಆಟಗಾರ ಎತ್ಸಿಯೊ ಗಾಂಬಾ ಅವರ ಕಥೆ ಬರೆಯುತ್ತಿದ್ದೇನೆ.

ಗಾಂಬಾ ಹುಟ್ಟಿದ್ದು 1958ರಲ್ಲಿ, ಉತ್ತರ ಇಟಲಿಯ ಬ್ರೆಷಾದಲ್ಲಿ. ಆಡುತ್ತಿದ್ದದ್ದು 71 ಕೆ.ಜಿ. ವಿಭಾಗದಲ್ಲಿ. 1979ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್ ತನಕ ಹೋಗಿ ಜಪಾನಿನ ಆಟಗಾರನಿಗೆ ಸೋತರು. ಮರುವರ್ಷವೇ ಮಾಸ್ಕೋ ಒಲಿಂಪಿಕ್ಸ್.

ಆ ಹೊತ್ತಿಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು. ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ ಮಾಸ್ಕೋಗೆ ಬರುವುದಿಲ್ಲ ಎಂದವು. ಇಟಲಿ ಸರ್ಕಾರಕ್ಕೂ ಹೋಗುವುದು ಬೇಡವಾಗಿತ್ತು. ಅಲ್ಲಿನ ಒಲಿಂಪಿಕ್ ಸಮಿತಿ ಮಾತ್ರ ಹೋಗುತ್ತೇವೆ ಎಂದು ಹಟ ಹಿಡಿಯಿತು. ಕೊನೆಗೆ ಸೇನೆಯ ಕೆಲಸದಲ್ಲಿದ್ದ ಆಟಗಾರರು ಊರಲ್ಲೇ ಉಳಿದರು. ಮಿಕ್ಕವರು ಹೋದರು, ಆದರೆ ತಮ್ಮ ಬಾವುಟ ಇಲ್ಲದೆ, ತಮ್ಮ ರಾಷ್ಟ್ರಗೀತೆ ಇಲ್ಲದೆ.

ಫೈನಲ್‌ನಲ್ಲಿ ಗಾಂಬಾಗೆ ಎದುರಾದವರು ಬ್ರಿಟನ್ನಿನ ನೀಲ್ ಆಡಮ್ಸ್. ಮರುವರ್ಷ ವಿಶ್ವ ಚಾಂಪಿಯನ್ ಆದ ಗಟ್ಟಿ ಆಟಗಾರ. ಬ್ರಿಟನ್ ಕೂಡ ಆ ಸಲ ಒಲಿಂಪಿಕ್ ಬಾವುಟದಡಿ ಆಡಿತ್ತು. ಗೆದ್ದವರು ಗಾಂಬಾ. ಜೂಡೋದಲ್ಲಿ ಇಟಲಿಗೆ ಅದೇ ಮೊದಲ ಒಲಿಂಪಿಕ್ ಚಿನ್ನ. ಚಿನ್ನಕ್ಕೂ ಬೆಳ್ಳಿಗೂ ಏರಿದ್ದು ಅದೇ ಐದು ಉಂಗುರದ ಬಿಳಿ ಬಾವುಟ. ಕೇಳಿಸಿದ್ದು ಒಲಿಂಪಿಕ್ ಗೀತೆ. 21 ವರ್ಷದ ಹುಡುಗ, ಚಿಕ್ಕಂದಿನಿಂದ ಕಂಡ ಕನಸು ಕೈಗೆ ಬಂದಿದೆ, ಆದರೆ ತನ್ನೂರಿನ ಹಾಡಿಲ್ಲ. ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ಮಾಸ್ಕೋದಲ್ಲಿ ನಮ್ಮವರು ಹಾಕಿಯಲ್ಲಿ ಚಿನ್ನ ಗೆದ್ದರು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ನಮ್ಮ ಬಾವುಟ ಏರಿತು, ಜನಗಣಮನ ಕೇಳಿಸಿತು. ಅದು ಎಂಥ ಭಾಗ್ಯ ಅಂತ ಗಾಂಬಾ ಕಥೆ ಓದಿದ ಮೇಲೆಯೇ ನನಗೆ ಸರಿಯಾಗಿ ತಿಳಿದದ್ದು.

ಜೂಡೋದ ತವರಾದ ಜಪಾನ್ ಬಾರದ ಕೂಟದ ಚಿನ್ನಕ್ಕೆ ತೂಕ ಕಡಿಮೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1982ರಲ್ಲಿ ಗಾಂಬಾ ಯುರೋಪಿಯನ್ ಚಾಂಪಿಯನ್ ಆದರು. 1983ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಬೆಳ್ಳಿ. 1984ರ ಲಾಸ್ ಏಂಜಲೀಸ್‌ಗೆ ಜಪಾನ್ ಬಂದಿತ್ತು, ದಕ್ಷಿಣ ಕೊರಿಯಾ ಬಂದಿತ್ತು. ಅಲ್ಲೂ ಫೈನಲ್ ತನಕ ಹೋಗಿ, ಕೊರಿಯಾದ ಆನ್ ಬ್ಯೊಂಗ್ ಕುನ್ ಎದುರು ಸೋತು ಬೆಳ್ಳಿ ತಂದರು. ಅದೃಷ್ಟದ ಆಟಗಾರ ಇಷ್ಟು ವರ್ಷ ಮೇಲೆ ನಿಲ್ಲುತ್ತಾನಾ?

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. 2008ರ ಬೀಜಿಂಗ್‌ನಲ್ಲಿ ರಷ್ಯಾ ಜೂಡೋ ತಂಡ ಬರಿಗೈಲಿ ವಾಪಸಾಯಿತು. ಆಮೇಲೆ ತಂಡವನ್ನು ಗಾಂಬಾ ಕೈಗೆ ಕೊಟ್ಟರು. ಸಾಂಬೊ ಎಂಬ ತಮ್ಮದೇ ಕುಸ್ತಿಯಲ್ಲಿ ಪಳಗಿದ ನಾಡದು. ಅಂಥ ಕಡೆ ಹೊರಗಿನವನೊಬ್ಬ ಹೋಗಿ ಪಟ್ಟು ಹೇಳಿಕೊಡುವುದೆಂದರೆ, ಮೈಸೂರಿನ ಗರಡಿಗೆ ಹೊರದೇಶದ ವಸ್ತಾದ್ ಬಂದ ಹಾಗೆ. ಸುಲಭವಾ? ನಾಲ್ಕೇ ವರ್ಷ. 2012ರ ಲಂಡನ್‌ನಲ್ಲಿ ಗಾಲ್ಸ್ತ್ಯಾನ್, ಇಸಾಯೆವ್, ಖೈಬುಲಾಯೆವ್ ಮೂವರೂ ಚಿನ್ನ ಗೆದ್ದರು. ಜೊತೆಗೆ ಒಂದು ಬೆಳ್ಳಿ, ಒಂದು ಕಂಚು. 2016ರ ರಿಯೋದಲ್ಲಿ ಮತ್ತೆ ಎರಡು ಚಿನ್ನ. ರಷ್ಯಾ ಅವರಿಗೆ ತನ್ನ ಪೌರತ್ವವನ್ನೂ ಕೊಟ್ಟಿತು.

ತಾನು ಗೆದ್ದಾಗ ಕೇಳದ ರಾಷ್ಟ್ರಗೀತೆಯನ್ನು ಶಿಷ್ಯರು ಗೆದ್ದಾಗ ಅವರು ಕೇಳಿದರು. ಅದು ಇನ್ನೊಂದು ದೇಶದ್ದು. ಅದರಿಂದ ಬ್ರೆಷಾದ ಗಾಂಬಾ ಬ್ರೆಷಾದವರಲ್ಲ ಅಂತ ಆಗಲಿಲ್ಲ, ಅಲ್ವಾ? ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಉದ್ದೀಪನ ಮದ್ದಿನ ಹಗರಣದಿಂದಾಗಿ ರಷ್ಯಾದ ಆಟಗಾರರೂ ತಮ್ಮ ಬಾವುಟವಿಲ್ಲದೆ ಆಡಬೇಕಾಯಿತು. ಮಾಸ್ಕೋದ ಇಟಲಿಯ ಹಾಗೆಯೇ.

ಇದನ್ನೆಲ್ಲ ನಮ್ಮ ಹುಡುಗನಿಗೆ ಕೂರಿಸಿಕೊಂಡು ಹೇಳಿದೆ. ಅವನು ಬಾವುಟದ ವಿಷಯ ಕೇಳಲೇ ಇಲ್ಲ. ಗಾಂಬಾ ಯಾವ ಪಟ್ಟಿನಲ್ಲಿ ಜೋರು ಅಂತ ಕೇಳಿದ. ಬರುವ ಶನಿವಾರ ಅವನ ಬೆಲ್ಟ್ ಪರೀಕ್ಷೆ ಇದೆ. ನಾವು ಕೆಲವರು ನೋಡಲು ಹೋಗುತ್ತಿದ್ದೇವೆ, ನೀವೂ ಬನ್ನಿ. ಚಕ್ಕುಲಿ ನಾನು ತರುತ್ತೇನೆ. ಆ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಬೇಡಿ.

ನಿಮ್ಮ,
ಸಂಪಾದಕ