ಇನಿಷಿಯಲ್ ಬಿಡಿಸಿ ಬರೆಯದ ತಪ್ಪಿಗೆ

ಸಂಪಾದಕರಿಗೆ,

ಮಾನ್ಯರೇ,

ಊರಿನ ಸುದ್ದಿಗಿಂತ ಮೊದಲು ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟ ಓದುವ ಅಭ್ಯಾಸ ನನಗೆ ಅಂಟಿಕೊಂಡು ಕೆಲವು ವರ್ಷಗಳಾದವು. ಮಾರಾಟದ ಮನೆಗಳನ್ನೋ ವರನನ್ನೋ ಹುಡುಕುವುದಕ್ಕಲ್ಲ. 'ಹೆಸರು ಬದಲಾವಣೆ' ಎಂಬ ತಲೆಬರಹದ ಕೆಳಗೆ ಬರುವ ನಾಲ್ಕು ಸಾಲುಗಳಿಗಾಗಿ. 'ಇದುವರೆಗೆ ಕೆ. ಎನ್. ರಾಘವೇಂದ್ರ ಎಂದು ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ರಾಘವೇಂದ್ರ ಕೋಟ ನಾರಾಯಣ ಎಂದು ಕರೆಯಲ್ಪಡುತ್ತೇನೆ' ಎನ್ನುವ ಮಾದರಿಯ ಈ ಪ್ರಕಟಣೆಗಳಲ್ಲಿ ಯಾರ ಹೆಸರೂ ನಿಜವಾಗಿ ಬದಲಾಗಿರುವುದಿಲ್ಲ. ಹುಟ್ಟಿದಾಗಿನಿಂದ ಎರಡು ಅಕ್ಷರ, ಎರಡು ಚುಕ್ಕಿಗಳಾಗಿ ಮಡಚಿಟ್ಟ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಈಗ ಬಿಡಿಸಿ ಬರೆಯಲಾಗಿದೆ, ಅಷ್ಟೆ. ಇದಕ್ಕಾಗಿ ಆ ಮನುಷ್ಯ ನೋಟರಿಯ ಮುಂದೆ ನಿಂತು ಅಫಿಡವಿಟ್ ಮಾಡಿಸಿ, ಒಂದು ಜಾಹೀರಾತನ್ನು ಊರಿನ ಪತ್ರಿಕೆಯಲ್ಲಿಯೂ ಇನ್ನೊಂದನ್ನು ತಾನಿರುವ ಸ್ಥಳದ ಪತ್ರಿಕೆಯಲ್ಲಿಯೂ ಹಾಕಿಸಿ, ಆ ತುಣುಕುಗಳನ್ನು ಕತ್ತರಿಸಿ ಅರ್ಜಿಗೆ ಲಗತ್ತಿಸಿರುತ್ತಾನೆ.

ನಾನು ಕುಂದಾಪುರ ತಾಲ್ಲೂಕಿನವನು. ಶಾರ್ಜಾದ ಒಂದು ನಿರ್ಮಾಣ ಕಂಪನಿಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸರ್ಕಾರಿ ಕಾಗದಗಳನ್ನು ಓಡಾಡಿ ಮಾಡಿಸುವವರನ್ನು ಇಲ್ಲಿ ಪಿಆರ್‌ಒ ಎನ್ನುತ್ತಾರೆ. ನಮ್ಮ ಪಿಆರ್‌ಒಗೆ ಕನ್ನಡ ಬಾರದ್ದರಿಂದ ಕರ್ನಾಟಕದ ಕಾಗದಗಳೆಲ್ಲ ಮೊದಲು ನನ್ನ ಮೇಜಿಗೆ ಬರುತ್ತವೆ. ಆ ಮೇಜಿನ ಮೇಲೆ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಎರಡು ಅಂಕಣಗಳಿವೆ: ಇಟ್ಟ ಹೆಸರು ಒಂದು, ಸರ್‌ನೇಮ್ ಇನ್ನೊಂದು. ಶೆಟ್ಟಿ, ಪಾಟೀಲ, ಕುಲಕರ್ಣಿ, ಡಿಸೋಜ ಎಂದು ಕುಟುಂಬದ ಹೆಸರಿರುವವರಿಗೆ ಇದು ಸಲೀಸು. ಆದರೆ ನಮ್ಮಲ್ಲಿ ಬಹಳಷ್ಟು ಮಂದಿಗೆ ಸರ್‌ನೇಮ್ ಎಂಬುದೇ ಇಲ್ಲ, ಇರುವುದು ಇನಿಷಿಯಲ್. ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಸರ್‌ನೇಮ್ ಅಂಕಣವನ್ನು ಖಾಲಿ ಬಿಟ್ಟರೆ ಮಾತ್ರ ನಮ್ಮ ದೇಶದಲ್ಲಿ ಯಾರ ತಕರಾರೂ ಇಲ್ಲ. ಹೀಗಾಗಿ ಬರೆದುಕೊಡುವ ಏಜೆಂಟನ ಅಂದಿನ ಮರ್ಜಿಯಂತೆ ಒಬ್ಬನ ಪಾಸ್‌ಪೋರ್ಟಿನಲ್ಲಿ ಊರು ಸರ್‌ನೇಮ್ ಆಗುತ್ತದೆ, ಅವನ ತಮ್ಮನದರಲ್ಲಿ ತಂದೆಯ ಹೆಸರು ಸರ್‌ನೇಮ್ ಆಗುತ್ತದೆ, ತಂಗಿಯದರಲ್ಲಿ ಆ ಅಂಕಣ ಖಾಲಿಯೇ ಉಳಿಯುತ್ತದೆ. ಒಂದೇ ಮನೆಯ ಮೂವರು ಪರದೇಶದ ಅಧಿಕಾರಿಯ ಕಣ್ಣಿಗೆ ಮೂರು ಕುಟುಂಬಗಳಾಗಿ ಕಾಣಿಸುತ್ತಾರೆ.

ಖಾಲಿ ಅಂಕಣದ ಬೆಲೆ ಎಷ್ಟೆಂದು ನನ್ನ ಮನೆಗೆ ಗೊತ್ತಾದದ್ದು 2022ರ ನವೆಂಬರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಇನ್ನೊಂದು ಅಂಕಣ ಖಾಲಿ ಇರುವವರನ್ನು ಭೇಟಿ ವೀಸಾ ಅಥವಾ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು, ಶಾರ್ಜಾ ಸೇರಿರುವ ಸಂಯುಕ್ತ ಅರಬ್ ಸಂಸ್ಥಾನವು ಆ ತಿಂಗಳ 21ರಿಂದ ನಿಯಮ ಮಾಡಿತು. ವಾಸದ ವೀಸಾ ಇರುವವರಿಗೆ ಅದೇ ಹೆಸರನ್ನು ಎರಡೂ ಅಂಕಣಗಳಲ್ಲಿ ತುಂಬಿಸಿಕೊಳ್ಳುವ ದಾರಿ ಕೊಟ್ಟರು. ರಮೇಶನು ರಮೇಶ ರಮೇಶನಾದರೆ ಸಾಕು, ದೇಶಕ್ಕೆ ಸಮಾಧಾನ. ಕೆಲವೇ ದಿನಗಳಲ್ಲಿ, ಪಾಸ್‌ಪೋರ್ಟಿನ ಎರಡನೆಯ ವಿವರ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪಬಹುದು ಎಂಬ ಸ್ಪಷ್ಟನೆಯೂ ಬಂತು. ನನ್ನ ತಾಯಿ ನನ್ನಲ್ಲಿಗೆ ಹೊರಟದ್ದು ಇವೆಲ್ಲ ನಡೆಯುತ್ತಿದ್ದ ಹೊತ್ತಿನಲ್ಲಿಯೇ, ನವೆಂಬರ್ ಕೊನೆಯ ವಾರದಲ್ಲಿ. ಅವರ ಪಾಸ್‌ಪೋರ್ಟಿನಲ್ಲಿ ಇದ್ದದ್ದು 'ಗಿರಿಜಾ' ಎಂಬ ಒಂದೇ ಪದ. ವಿಮಾನ ಕಂಪನಿಯ ಕೌಂಟರಿನಲ್ಲಿದ್ದ ಹುಡುಗಿಗೆ ಮೊದಲ ಸುತ್ತೋಲೆ ತಲುಪಿತ್ತು, ಎರಡನೆಯದು ತಲುಪಿರಲಿಲ್ಲ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ತುಂಬಿದ ಪೆಟ್ಟಿಗೆಯನ್ನು ತಕ್ಕಡಿಯಿಂದ ಕೆಳಗಿಳಿಸಿ, ಅರವತ್ತೆಂಟು ವರ್ಷದ ಹೆಂಗಸನ್ನು ಪಕ್ಕಕ್ಕೆ ನಿಲ್ಲಿಸಿದರು. ತಾಯಿ ಫೋನು ಮಾಡಿ, "ನನ್ನ ಹೆಸ್ರಲ್ಲಿ ಎಂತದೋ ದೋಷ ಉಂಟಂಬ್ರು ಮಗಾ" ಎಂದರು. ನಾನು ಇಲ್ಲಿಂದ ಎರಡನೆಯ ಸುತ್ತೋಲೆಯನ್ನು ಅವರ ಮೊಬೈಲಿಗೆ ಕಳಿಸಿ, ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದು ತೋರಿಸಿ ಎಂದೆ. ಅಲ್ಲಿ ನನ್ನ ಅಜ್ಜನ ಹೆಸರಿತ್ತು. ಮೇಲಧಿಕಾರಿಯೊಬ್ಬರು ಬಂದು ಓದಿ, ಯಾರಿಗೋ ಫೋನು ಮಾಡಿ ಕೇಳಿ, ಕೌಂಟರ್ ಮುಚ್ಚುವ ಸ್ವಲ್ಪವೇ ಮೊದಲು ಬೋರ್ಡಿಂಗ್ ಪಾಸ್ ಕೊಟ್ಟರು. ಗಂಗೊಳ್ಳಿಯಾಚೆ ಹೆಚ್ಚು ದೂರ ಹೋಗದ ಅಜ್ಜ ಸತ್ತು ಮೂವತ್ತು ವರ್ಷಗಳ ಮೇಲೆ ಮಗಳನ್ನು ವಿಮಾನ ಹತ್ತಿಸಿದರು. ಪಾಸ್‌ಪೋರ್ಟ್ ನವೀಕರಿಸುವಾಗ ಅವರ ಹೆಸರನ್ನೇ ಸರ್‌ನೇಮ್ ಅಂಕಣಕ್ಕೆ ಹಾಕಿಸಿದ್ದೇವೆ.

ಇದು ಕೊಲ್ಲಿ ದೇಶಗಳದಷ್ಟೇ ಕಥೆಯಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟಿನವರು ಅಮೆರಿಕದ ವೀಸಾ ಪಡೆದರೆ ಇದ್ದ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಇಟ್ಟ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪವದು. ಅದು ಅಲ್ಲಿನ ಇತರ ಗುರುತುಚೀಟಿಗಳಿಗೂ ಹಬ್ಬಿ, ಹಾಗೆ ಹೋದ ಒಬ್ಬ ಹುಡುಗನನ್ನು ಸಹೋದ್ಯೋಗಿಗಳು ಅದೇ ಹೆಸರಿನಿಂದ ಕರೆದದ್ದೂ ಉಂಟು.

ಹೆಸರಿನ ತೊಡಕು ಹೆಚ್ಚಾಗಿ ಹುಟ್ಟುವುದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ. ಜನನ ಪ್ರಮಾಣಪತ್ರದಲ್ಲಿ 'ರಾಘವೇಂದ್ರ', ಅಂಕಪಟ್ಟಿಯಲ್ಲಿ 'ರಾಘವೇಂದ್ರ ಕೆ ಎನ್', ಪದವಿಪತ್ರದಲ್ಲಿ 'ಕೆ ಎನ್ ರಾಘವೇಂದ್ರ', ಆಧಾರಿನಲ್ಲಿ 'ರಾಘವೇಂದ್ರ ನಾರಾಯಣ'. ಇಂಗ್ಲಿಷಿನ ಒಂದು 'ಎಚ್' ಅಕ್ಷರ ಒಂದು ಕಾಗದದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಬೇರೆ. ಊರಿನಲ್ಲಿ ಇವೆಲ್ಲ ಒಬ್ಬನೇ ಎಂದು ಬ್ಯಾಂಕಿನವರಿಗೂ ಪಂಚಾಯಿತಿಯವರಿಗೂ ಮುಖ ನೋಡಿದರೆ ತಿಳಿಯುತ್ತದೆ. ಸರ್ಕಾರಿ ಅರ್ಜಿ ತುಂಬಿಕೊಡುವ ಇಲ್ಲಿನ ಟೈಪಿಂಗ್ ಸೆಂಟರಿನವನಿಗೆ ಮುಖ ಬೇಡ, ಅಕ್ಷರ ಬೇಕು. ಅದೇ ಅಕ್ಷರ ಅರಬ್ಬಿಗೆ ಹೋಗುವಾಗ ಇನ್ನೊಂದು ಆಟ ನಡೆಯುತ್ತದೆ: ಅರಬ್ಬಿ ಲಿಪಿಯಲ್ಲಿ ಪಕಾರವಿಲ್ಲವಾದ್ದರಿಂದ ಪದ್ಮನಾಭ ಬದ್ಮನಾಭನಾಗುತ್ತಾನೆ. ಆದರೆ ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ, ಎಲ್ಲರ ಗತಿಯೂ ಅದೇ.

ಹೆಸರು ಹೊಂದದ ಅಂಕಪಟ್ಟಿಯಿಂದ ಆಗುವ ಇನ್ನೊಂದು ಹಾನಿಯನ್ನು ನಮ್ಮ ಹುಡುಗರು ತಡವಾಗಿ ಅರಿಯುತ್ತಾರೆ. ಹತ್ತನೆಯ ತರಗತಿ ಪಾಸಾದವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕಿಲ್ಲ. ಅದನ್ನೇ ಎಲ್ಲರೂ ಇಸಿಎನ್‌ಆರ್ ಎನ್ನುವುದು. ಹೆಸರು ತಾಳೆಯಾಗದಿದ್ದರೆ ಕೆಲವು ಏಜೆಂಟರು ಅದನ್ನು ಸರಿಪಡಿಸುವ ಗೋಜಿಗೆ ಹೋಗದೆ ಅಂಕಪಟ್ಟಿಯನ್ನೇ ಅರ್ಜಿಯಿಂದ ಬಿಟ್ಟುಬಿಡುತ್ತಾರೆ. ಆಗ ಪಾಸ್‌ಪೋರ್ಟಿನ ಮೇಲೆ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು, ಎಂದು ಅಚ್ಚಾಗಿ, ಸೌದಿ, ಕುವೈತ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಕೇಂದ್ರ ಸರ್ಕಾರದ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಬೇಕಾಗುತ್ತದೆ. 1983ರ ವಲಸೆ ಕಾಯ್ದೆಯ ಈ ಏರ್ಪಾಡು ಕಡಿಮೆ ಓದಿದ ಕೂಲಿಯವನನ್ನು ಮೋಸದಿಂದ ಕಾಯುವುದಕ್ಕೆ ಇರುವುದು, ಅದರ ಬಗ್ಗೆ ನನ್ನ ಆಕ್ಷೇಪವಿಲ್ಲ. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್ ಒಬ್ಬನು ಎರಡು ಚುಕ್ಕಿಗಳ ದೆಸೆಯಿಂದ ಓದದವರ ಪಟ್ಟಿಗೆ ಸೇರಿದ್ದನ್ನು ನೋಡಿದಾಗ ಮಾತ್ರ ಸಿಟ್ಟು ಬಂತು. ಅವನ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು.

ಮದುವೆಯಾಗಿ ಹೆಂಡತಿಯನ್ನು ಕರೆಸಿಕೊಳ್ಳುವ ಹಂತಕ್ಕೆ ಬಂದಾಗ ತೊಡಕು ಎರಡರಷ್ಟಾಗುತ್ತದೆ. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ದೆಹಲಿಯ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಸಂಯುಕ್ತ ಅರಬ್ ಸಂಸ್ಥಾನದ ರಾಯಭಾರ ಕಚೇರಿಯದ್ದು, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯದ್ದು, ಹೀಗೆ ನಾಲ್ಕು ಮುದ್ರೆ ಬೀಳಬೇಕು. ಒಂದು ದೇಶದ ಕಾಗದವನ್ನು ಅದೇ ದೇಶದ ಒಂದು ಮುದ್ರೆಯ ಮೇಲೆ ಇನ್ನೊಂದು ದೇಶ ಒಪ್ಪುವ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಭಾರತ 2005ರಲ್ಲಿ ಸೇರಿತು, ಸೌದಿ ಅರೇಬಿಯಾಕ್ಕೆ ಅದು 2022ರ ಡಿಸೆಂಬರಿನಿಂದ ಅನ್ವಯಿಸಿತು. ಮುದ್ರೆ ಎಷ್ಟೇ ಇರಲಿ, ಪ್ರಮಾಣಪತ್ರದಲ್ಲಿನ ಗಂಡನ ಹೆಸರು ಪಾಸ್‌ಪೋರ್ಟಿನಂತೆ ಇಲ್ಲದಿದ್ದರೆ ನಾಲ್ಕನ್ನೂ ಮೊದಲಿಂದ ಹಾಕಿಸಬೇಕು. ಮದುವೆ ನೋಂದಣಿಗೆ ಹೋಗುವಾಗ ಲಗ್ನಪತ್ರಿಕೆಯ ಜೊತೆಗೆ ಇಬ್ಬರ ಪಾಸ್‌ಪೋರ್ಟನ್ನೂ ಒಯ್ದು ಅಕ್ಷರಕ್ಕೆ ಅಕ್ಷರ ನೋಡಿ ಬರೆಸಿದರೆ ಇದು ತಪ್ಪುತ್ತದೆ. ನಮ್ಮವರು ಪುರೋಹಿತರ ದಕ್ಷಿಣೆಯನ್ನು ಮರೆಯುವುದಿಲ್ಲ, ಇದನ್ನು ಮರೆಯುತ್ತಾರೆ.

ಇಲ್ಲಿ ಮಗು ಹುಟ್ಟಿದರೆ ಗಡುವುಗಳು ಓಡತೊಡಗುತ್ತವೆ. ಭಾರತದ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಆದರೆ ಅಷ್ಟು ಕಾಯುವಂತಿಲ್ಲ, ಏಕೆಂದರೆ ಹುಟ್ಟಿದ 120 ದಿನಗಳೊಳಗೆ ಮಗುವಿಗೆ ಇಲ್ಲಿನ ವಾಸದ ವೀಸಾ ಆಗಬೇಕು, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ವೀಸಾ ಆಗಲು ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು, ಅದಕ್ಕೆ ದೃಢೀಕರಿಸಿದ ವಿವಾಹ ಪ್ರಮಾಣಪತ್ರ ಬೇಕು. ಬಾಣಂತಿ ಎಣ್ಣೆನೀರು ಹಾಕಿಸಿಕೊಳ್ಳುವ ದಿನಗಳಲ್ಲಿ ಗಂಡ ನನ್ನ ಮೇಜಿನ ಮುಂದೆ ನಿಂತು, ತನ್ನ ಇನಿಷಿಯಲ್ಲಿನ 'ಕೆ' ಎಂದರೆ ಕೋಟವೋ ಕೋಟೇಶ್ವರವೋ ಎಂದು ಊರಿಗೆ ಫೋನು ಮಾಡಿ ವಿಚಾರಿಸುತ್ತಿರುತ್ತಾನೆ.

ನೆರೆಯ ಕೇರಳದಲ್ಲಿ ಹೊರನಾಡಿನ ಮಲಯಾಳಿಗಳಿಗಾಗಿ ಇರುವ, ಸರ್ಕಾರದ್ದೇ ಆದ ನೋರ್ಕಾ ರೂಟ್ಸ್ ಸಂಸ್ಥೆ ತಿರುವನಂತಪುರ, ಎರ್ನಾಕುಲಂ, ಕೋಯಿಕ್ಕೋಡ್ ಕೇಂದ್ರಗಳಲ್ಲಿ ಪ್ರಮಾಣಪತ್ರ ದೃಢೀಕರಣದ ಕೆಲಸವನ್ನು ನಡೆಸಿಕೊಡುತ್ತದೆ. ಕಾಸರಗೋಡಿನ ಕನ್ನಡಿಗನು ಬೆಳಗಿನ ರೈಲು ಹಿಡಿದು ಕೋಯಿಕ್ಕೋಡಿಗೆ ಹೋಗಿ ಬರುತ್ತಾನೆ. ಅವನಿಂದ ಒಂದು ಗಂಟೆ ದೂರದ ಮಂಗಳೂರಿನವನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ, ಇಲ್ಲವೇ ಏಜೆಂಟನು ಕೇಳಿದಷ್ಟು ಕೊಟ್ಟು ಮೂಲ ಪ್ರತಿಗಳನ್ನು ಅವನ ಕೈಗೊಪ್ಪಿಸಿ ದೇವರ ಮೇಲೆ ಭಾರ ಹಾಕುತ್ತಾನೆ. ನಮ್ಮಲ್ಲಿಯೂ ಅನಿವಾಸಿ ಭಾರತೀಯ ಸಮಿತಿ ಇದೆ. ವರ್ಷಕ್ಕೊಂದು ಸಮ್ಮೇಳನದ ಮಾತಿಗಿಂತ ಮಂಗಳೂರಿನಲ್ಲೊಂದು, ಕಲಬುರಗಿಯಲ್ಲೊಂದು ದೃಢೀಕರಣದ ಕಿಟಕಿ ತೆರೆಸುವ ಕೆಲಸವನ್ನು ಸಮಿತಿ ಕೈಗೆತ್ತಿಕೊಂಡರೆ ನಮಗೆ ಹೆಚ್ಚು ಉಪಕಾರ. ಆ ಕಿಟಕಿಯಲ್ಲಿ ಕುಳಿತವರು ಮುದ್ರೆ ಹಾಕುವ ಮೊದಲು ಪಾಸ್‌ಪೋರ್ಟಿನ ಹೆಸರನ್ನೂ ಕಾಗದದ ಹೆಸರನ್ನೂ ಜೋಡಿಸಿ ನೋಡಿ, ಹೊಂದದಿದ್ದರೆ ಅಲ್ಲಿಯೇ ಹೇಳುವಂತಿರಬೇಕು. ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಉಳಿದ ಅರ್ಧ ಶಾಲೆಯದು, ಮನೆಯದು. 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಲು ಜನ್ಮದಿನಾಂಕದ ಪುರಾವೆಯೆಂದು ಜನನ ಪ್ರಮಾಣಪತ್ರವೊಂದನ್ನೇ ಒಪ್ಪಲಾಗುತ್ತದೆ. ಆದ್ದರಿಂದ ಅದರಲ್ಲಿ ಹೆಸರು ಹೇಗೆ ದಾಖಲಾಗುತ್ತದೆ ಎಂಬುದು ಇನ್ನು ಸಣ್ಣ ಸಂಗತಿಯಲ್ಲ. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ತೆತ್ತು ಸೇರಿಸಬಹುದು. ನಾಮಕರಣದ ಮರುವಾರವೇ ಇದನ್ನು ಮುಗಿಸಿ, ಊರನ್ನೋ ತಂದೆಯ ಹೆಸರನ್ನೋ ಯಾವುದನ್ನು ಕೊನೆಗೆ ಇಡುತ್ತೀರೋ ಅದನ್ನು ಬಿಡಿಸಿ ಬರೆಸಿ, ಎಲ್ಲ ಮಕ್ಕಳಿಗೂ ಅದನ್ನೇ ಇಡಿ ಎಂದು ತಂದೆ ತಾಯಂದಿರಲ್ಲಿ ನನ್ನ ವಿನಂತಿ. ಊರಿನ ಹೆಸರು ಚೆಂದ, ತಂದೆಯ ಹೆಸರೂ ಚೆಂದ. ಎರಡನ್ನೂ ಸೇರಿಸಿದರೆ ವಿಮಾನದ ಟಿಕೆಟಿನಲ್ಲಿ ಜಾಗ ಸಾಲುವುದಿಲ್ಲ ಎಂಬುದೊಂದು ಸಣ್ಣ ಎಚ್ಚರಿಕೆ.

ಶಾಲೆಯಲ್ಲಿ ಈ ಮಾತು ಬರಬೇಕಾದದ್ದು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ. ದಾಖಲಾತಿ ಪುಸ್ತಕದಲ್ಲಿದ್ದದ್ದನ್ನು ಹಾಗೆಯೇ ಇಳಿಸುವುದು ಮುಖ್ಯೋಪಾಧ್ಯಾಯರಿಗೆ ಸುಲಭ, ಅವರಿಗೆ ಬೇರೆ ಕೆಲಸಗಳೂ ಇವೆ, ಒಪ್ಪುತ್ತೇನೆ. ಆದರೂ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನೋಂದಣಿಯ ನಮೂನೆಯಲ್ಲಿ ಹೆಸರಿಗೆ ಪಾಸ್‌ಪೋರ್ಟಿನಂತೆಯೇ ಎರಡು ಅಂಕಣ ಇರಿಸಿ, ಒಂಟಿ ಅಕ್ಷರವನ್ನು ಸ್ವೀಕರಿಸದಂತೆ ಮಾಡಿ, ಅಚ್ಚಿಗೆ ಹೋಗುವ ಮೊದಲು ಅದರ ಪ್ರತಿಯನ್ನು ಪೋಷಕರ ಸಹಿಗೆ ಮನೆಗೆ ಕಳಿಸಲಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಶಾಲೆಗೂ ಮಂಡಲಿಗೂ ಓಡಾಡುವವನು ಆಗ ಮೂವತ್ತು ದಿನದ ರಜೆಯಲ್ಲಿ ಊರಿಗೆ ಬಂದಿರುತ್ತಾನೆ. ಅದರಲ್ಲಿ ಹತ್ತು ದಿನ ಕಚೇರಿಗಳ ಬೆಂಚಿನ ಮೇಲೆ ಕಳೆದು, ಅರ್ಜಿಯ ಸ್ವೀಕೃತಿ ಚೀಟಿಯೊಂದನ್ನು ಹೆಂಡತಿಯ ಕೈಗಿತ್ತು ವಿಮಾನ ಹತ್ತುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಕುಂದಾಪುರ ಮೂಲದ ಓದುಗ, ಶಾರ್ಜಾ