ಚಾಲಕನಿಲ್ಲದ ಕಾರು: ರಸ್ತೆ ದಾಟುವವರನ್ನೂ ಕೇಳಿ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ.

ಚಾಲಕನಿಲ್ಲದ ಕಾರನ್ನು ಜನ ಯಾಕೆ ಒಪ್ಪುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ ಒಂದೇ ಉತ್ತರ ಸಿಗುತ್ತದೆ. ಜನರಿಗೆ ತಿಳಿವಳಿಕೆ ಕಡಿಮೆ, ಒಮ್ಮೆ ಕೂತು ನೋಡಿದರೆ ಹೆದರಿಕೆ ಹೋಗುತ್ತದೆ ಅಂತ. ಈ ಉತ್ತರ ನಂಬಿ ಸರ್ಕಾರದ ಹಣವನ್ನು ಪ್ರಚಾರಕ್ಕೆ ಸುರಿಯಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಅಮೆರಿಕದ ವಾಹನ ಸವಾರರ ಸಂಘ ಎಎಎ ಪ್ರತಿ ವರ್ಷ ಈ ಬಗ್ಗೆ ಸಮೀಕ್ಷೆ ಮಾಡುತ್ತದೆ. ಇಂಥ ಕಾರಿಗೆ ಹೆದರುತ್ತೇವೆ ಎಂದವರು 2022ರಲ್ಲಿ ಶೇ. 55. ಮರುವರ್ಷ ಅದು ಶೇ. 68ಕ್ಕೆ ಏರಿತು. ಪರಿಚಯ ಹೆಚ್ಚಾದ ಹಾಗೆ ಹೆದರಿಕೆ ತಾನಾಗಿ ಇಳಿಯುತ್ತದೆ ಅನ್ನುವುದಾದರೆ ಇದು ಹೀಗಾಗಬಾರದಿತ್ತು, ಅಲ್ವಾ?

ಒಳಗೆ ಕೂತವರಿಗೆ ಧೈರ್ಯ ಬರಬಹುದು. ಹೊರಗಿರುವವರ ಪಾಡೇನು? ನಡೆದು ಹೋಗುವವರು, ಸೈಕಲ್ ತುಳಿಯುವವರು, ಕೋಲೂರಿ ನಿಧಾನವಾಗಿ ದಾಟುವ ಹಿರಿಯರು ಯಾವ ಆ್ಯಪ್‌ನಲ್ಲೂ ಒಪ್ಪಿಗೆ ಒತ್ತಿಲ್ಲ. ರಸ್ತೆ ದಾಟುವಾಗ ನಾವು ಚಾಲಕನ ಮುಖ ನೋಡುತ್ತೇವೆ. ಅವನು ತಲೆಯಾಡಿಸಿದರೆ, ಕೈ ತೋರಿಸಿದರೆ ಹೆಜ್ಜೆ ಇಡುತ್ತೇವೆ. ಆ ಸೀಟು ಖಾಲಿ ಇದ್ದಾಗ ಯಾರನ್ನು ನೋಡಬೇಕು? ಇದನ್ನು ಕೇಳುವವರನ್ನು ಹಳೇ ಕಾಲದವರು ಎಂದು ತಳ್ಳಿಹಾಕುವುದು ಸರಿಯಲ್ಲ.

ಅವರ ಅನುಮಾನಕ್ಕೆ ಆಧಾರವೂ ಇದೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ತಾನೇ ಓಡುತ್ತಿದ್ದ ಊಬರ್‌ನ ಪರೀಕ್ಷಾ ಕಾರು ಡಿಕ್ಕಿ ಹೊಡೆಯಿತು. ಅವರು ಸತ್ತರು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಸೆನ್ಸರ್‌ಗಳಿಗೆ ಅವರು ಕಂಡಿದ್ದರು. ಆದರೆ ಕಾಣುತ್ತಿರುವುದು ಕಾರೋ, ಸೈಕಲ್ಲೋ, ಮತ್ತೇನೋ ಎಂದು ವ್ಯವಸ್ಥೆ ಗುರುತು ಬದಲಿಸುತ್ತಲೇ ಇತ್ತು. ಕಾರಿನಲ್ಲಿದ್ದ ಮೇಲ್ವಿಚಾರಕಿಯ ಗಮನ ಫೋನಿನ ಮೇಲಿತ್ತು.

2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಮನುಷ್ಯನೇ ಓಡಿಸುತ್ತಿದ್ದ ಕಾರು ಗುದ್ದಿ, ಮಹಿಳೆಯೊಬ್ಬರು ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಬಿದ್ದರು. ಅದೂ ಗುದ್ದಿ ನಿಂತಿತು. ಆಮೇಲೆ ರಸ್ತೆ ಬದಿಗೆ ಸರಿಯಲು ಹೋಗಿ, ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಕಂಪನಿ ಸರ್ಕಾರಕ್ಕೆ ಕೊಟ್ಟ ಮೊದಲ ವರದಿಯಲ್ಲಿ ಎಳೆದೊಯ್ದ ಮಾತೇ ಇರಲಿಲ್ಲ. ಅದೇ ತಿಂಗಳು ಕ್ಯಾಲಿಫೋರ್ನಿಯಾ ರಾಜ್ಯವು ಕ್ರೂಸ್‌ನ ಪರವಾನಗಿ ತಡೆಹಿಡಿಯಿತು. 2024ರ ಕೊನೆಗೆ ಮಾಲೀಕ ಸಂಸ್ಥೆ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು. ಯಂತ್ರದ ತಪ್ಪನ್ನು ಜನ ಹೇಗೋ ಸಹಿಸಿಯಾರು. ಮುಚ್ಚಿಟ್ಟದ್ದನ್ನು ಸಹಿಸುವುದು ಕಷ್ಟ.

ನಾನು ಈ ಕಾರುಗಳ ವಿರೋಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಕುಡಿಯದ, ತೂಕಡಿಸದ ಚಾಲಕ ಸಿಕ್ಕರೆ ಎಷ್ಟೋ ಮನೆಗಳು ಉಳಿಯುತ್ತವೆ. ಕಣ್ಣು ಕಾಣದವರು ಯಾರನ್ನೂ ಕೇಳದೆ ಓಡಾಡಬಹುದು. ಇದೆಲ್ಲ ಆಗಲಿ ಎಂದೇ ಬರೆಯುತ್ತಿದ್ದೇನೆ.

ಹಾಗಾಗಿ ಪರವಾನಗಿ ಕೊಡುವ ಮೊದಲು, ಪ್ರತಿ ಅಪಘಾತದ ಪೂರ್ತಿ ವಿವರ ಕಂಪನಿಯಿಂದ ಪಡೆದು ಜನರ ಮುಂದಿಡುವ ನಿಯಮ ತನ್ನಿ. ಮುಚ್ಚಿಟ್ಟರೆ ಪರವಾನಗಿ ಹೋಗಬೇಕು. ಕಾರು ತಾನೇ ಓಡುತ್ತಿದ್ದಾಗ ತಪ್ಪಾದರೆ ಹೊಣೆ ಯಾರದು ಎಂದು ಕಾನೂನಿನಲ್ಲೇ ಬರೆಯಿರಿ. ಬ್ರಿಟನ್ 2024ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿ, ಅಂಥ ಹೊತ್ತಿನ ಚಾಲನೆಯ ಹೊಣೆಯನ್ನು ಕೂತವರಿಂದ ಕಂಪನಿಯ ಕಡೆಗೆ ಸರಿಸಿದೆ. ಮತ್ತೆ, ಪರೀಕ್ಷೆ ನಡೆಸುವ ಬೀದಿಗಳ ಜನರನ್ನು ಕರೆದು ಮೊದಲೇ ಕೇಳಿ. ಬೇಡ ಎಂದರೆ ಕಾರಣ ಬರೆದುಕೊಳ್ಳಿ, ಅದಕ್ಕೆ ಉತ್ತರ ಕೊಟ್ಟ ಮೇಲೆ ಮುಂದುವರಿಯಿರಿ.

ಇಂತಿ,
ಒಬ್ಬ ನಾಗರಿಕ