ಕೆಲಸ ಹುಡುಕುವ ಮಕ್ಕಳಿರುವ ಮನೆಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗದಗ, ಕೊಪ್ಪಳದ ಕಡೆಯಿಂದ ಕಲ್ಲುಕೋರೆ, ಗಾರೆ ಕೆಲಸಕ್ಕೆ ಬಂದು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ ನೆಲೆ ನಿಂತವರ ಮಕ್ಕಳ ವಿಷಯ ಇದು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಆಟದಲ್ಲಿ ತುಳು. ಮೂರೂ ಬರುತ್ತದೆ. ಆದರೂ ಅಪ್ಪನ ಮೇಸ್ತ್ರಿ ತೋರಿಸಿದ್ದೇ ಕೆಲಸ. ಮೇಸ್ತ್ರಿಗೆ ಗೊತ್ತಿರುವುದು ಕೋರೆ ಮಾತ್ರ ಅಲ್ವಾ?

ಮೊನ್ನೆ ಪ್ಲಸ್ ಟು ಮುಗಿಸಿದ ಹುಡುಗನೊಬ್ಬ ನನ್ನ ಅಂಗಡಿಗೆ ಬಂದ. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು. ಪ್ಲಾಸ್ಟಿಕ್ ಕವರಿನಲ್ಲಿ ಎಸ್ಎಸ್ಎಲ್‌ಸಿ ಬುಕ್. ಅದರಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದರಲ್ಲಿ ಅಪ್ಪನ ಹೆಸರು ಅಂಟಿಕೊಂಡಿದೆ. ಅರ್ಜಿ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ. ಆಧಾರ್ ತಿದ್ದುಪಡಿಗೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಮಾಡಿಕೊಡುವ ಕೇಂದ್ರ) ಕೇಳಿ.

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಹಾಕಿಸಿ ಸುಮ್ನೆ ಕೂರಬೇಡಿ. 3 ವರ್ಷಕ್ಕೊಮ್ಮೆ ರಿನ್ಯೂ ಮಾಡದಿದ್ದರೆ ಸೀನಿಯಾರಿಟಿ ಹೋಗುತ್ತದೆ. ಸರ್ಕಾರಿ ಕೆಲಸಕ್ಕೆ ಪರೀಕ್ಷೆ ನಡೆಸುವ ಕೇರಳ ಪಿಎಸ್‌ಸಿಯ ಒನ್ ಟೈಮ್ ರಿಜಿಸ್ಟ್ರೇಷನ್‌ಗೆ ದುಡ್ಡಿಲ್ಲ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಕ್ಲರ್ಕ್ ಹುದ್ದೆಗಳನ್ನು ಬೇರೆಯಾಗಿಯೇ ಕರೆಯುತ್ತಾರೆ. ಈ ಮಕ್ಕಳಿಗೆ ಅದಕ್ಕಿಂತ ಒಳ್ಳೆ ದಾರಿ ನನಗೆ ಕಾಣುವುದಿಲ್ಲ. ಓದು ಜಾಸ್ತಿ ಬೇಡ ಎನ್ನುವವರಿಗೆ ವಿದ್ಯಾನಗರದ ಐಟಿಐ ಇದೆ. ವೆಲ್ಡರ್ 1 ವರ್ಷ, ಇಲೆಕ್ಟ್ರೀಷಿಯನ್ 2 ವರ್ಷ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಅಂಗಡಿಯಲ್ಲೇ ಇರುತ್ತೇನೆ. ಅಸಲು ಕಾಗದ ಪತ್ರ ತನ್ನಿ, ಓಟಿಪಿ ಬರುವ ಫೋನೂ ಇರಲಿ. ಹೆಣ್ಣುಮಕ್ಕಳನ್ನೂ ಕಳಿಸಿ ಮಾರಾಯ್ರೇ.